ನಮೀಬಿಯಾದಲ್ಲಿ ಒಂದು ಮೋಡದ ತೂಕ

ಹೊರಡುವ ಮೊದಲು, ಕುರುಗೋಡು

ನಮೀಬಿಯಾಕ್ಕೆ ಹೋಗಿಬರುತ್ತೇನೆಂದು ಹೇಳಲು ಕುರುಗೋಡಿಗೆ ಹೋದಾಗ ನಮ್ಮ ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು.

"ಎದಕ್ಕ ಹೊಂಟೀಯವ್ವ ಅಷ್ಟು ದೂರ?"

"ಮೋಡದ ಬಗ್ಗಿ ಮಾತಾಡಾಕ, ಅತ್ತಿ."

"ಅಲ್ಲಿ ಮಳಿ ಭಾಳ ಐತೇನು?"

"ಇಲ್ಲಂತ. ಬರೇ ಮರಳುಗಾಡಂತ."

ಅತ್ತೆ ಈಗ ತಲೆ ಎತ್ತಿ, ನನ್ನನ್ನು ನೋಡದೆ, ಪಕ್ಕದ ಮನೆಯ ಬಾಗಿಲಿಗೆ ಕೇಳುವಂತೆ ಹೇಳಿದರು: "ಮಳಿ ಇಲ್ಲದೂರಿಗಿ ಮ್ವಾಡ ನೋಡಾಕ ಹೊಂಟಾಳ ನೋಡ್ರಿ ನಮ್ಮ ಸೊಸಿ!" ಆಮೇಲೆ ಒಳಗೆ ಹೋಗಿ ಎರಡು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಅವರ ಒಪ್ಪಿಗೆ ಯಾವತ್ತೂ ಡಬ್ಬಿಯಲ್ಲಿಯೇ ಬರುವುದು.

ಅತ್ತೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಾನು ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಹುಟ್ಟಿದ್ದು ಸಿರುಗುಪ್ಪ, ಈಗಿನ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಕಾಲೇಜು ಮುಗಿಸಿ, ಅಡುಗೆ ಮುಗಿಸಿ, ಉಳಿದ ಹೊತ್ತಿನಲ್ಲಿ ಏಳು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ಮೋಡ ಮಳೆಯದಲ್ಲ. ನಕ್ಷತ್ರಗಳ ನಡುವೆ ತೇಲುವ ತಣ್ಣಗಿನ ಅನಿಲದ್ದು.

ಆಕಾಶದ ಎಲ್ಲೆಲ್ಲಿಂದಲೋ ವಿಶ್ವಕಿರಣಗಳೆಂಬ ಅತಿವೇಗದ ಕಣಗಳು ಬರುತ್ತವೆ. ಅವು ನೇರವಾಗಿ ಬರುವುದಿಲ್ಲ. ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅವನ್ನು ಬಾಗಿಸಿ, ತಿರುಗಿಸಿ, ನಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಯಾವ ಊರಿಂದ ಬಂದವೆಂದು ಹೇಳಲಾಗದ ಸ್ಥಿತಿ. ಆದರೆ ಈ ಕಣಗಳು ಅನಿಲದ ಮೋಡಕ್ಕೆ ಬಡಿದರೆ ಅಲ್ಲಿ ಗಾಮಾ ಕಿರಣ ಹುಟ್ಟುತ್ತದೆ, ಅದು ಮಾತ್ರ ನೆಟ್ಟಗೆ ನಮ್ಮ ಕಡೆ ಬರುತ್ತದೆ. ಹಾಗಾಗಿ ಮೋಡ ಗಾಮಾ ಕಿರಣದಲ್ಲಿ ಎಷ್ಟು ಹೊಳೆಯುತ್ತದೆ ಎಂದು ಅಳೆದು, ಅದರ ತೂಕದಿಂದ ಭಾಗಿಸಿದರೆ, ಆ ದೂರದ ಜಾಗದಲ್ಲಿ ವಿಶ್ವಕಿರಣ ಎಷ್ಟಿದೆಯೆಂದು ಇಲ್ಲಿ ಕೂತು ಹೇಳಬಹುದು.

ನಾನು ಹೇಳಹೊರಟಿದ್ದು ಇದು: ನನ್ನ ಮೋಡದ ಅಂಚು ತನ್ನ ತೂಕಕ್ಕೆ ಮೀರಿ ಹೊಳೆಯುತ್ತದೆ, ನಡುಭಾಗ ಅಷ್ಟು ಹೊಳೆಯುವುದಿಲ್ಲ. ಅಂದರೆ ವಿಶ್ವಕಿರಣಗಳಿಗೆ ಮೋಡದ ಒಳಗೆ ಪ್ರವೇಶವಿಲ್ಲ, ಬಾಗಿಲಲ್ಲೇ ತಡೆ. ಇದು ನಿಜವಾದರೆ ದೊಡ್ಡ ಮಾತು. ನನ್ನ ಪ್ರಬಂಧ ಪೂರ್ತಿ ನಿಂತಿದ್ದು ಇದರ ಮೇಲೆ. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಇನ್ನೊಮ್ಮೆ ಕೇಳಿದರೆ ಕೊಡುತ್ತಾರೆಂಬ ಭರವಸೆ ಇರಲಿಲ್ಲ. ಆದ್ದರಿಂದ ನಮೀಬಿಯಾದ ಗಾಮಾ ದೂರದರ್ಶಕಗಳ ಹತ್ತಿರ ಒಂದು ವಾರದ ಸಭೆಗೆ ಕರೆ ಬಂದಾಗ, ಅಲ್ಲಿ ಮಾತಾಡಿ ಬಂದು, ಪ್ರಬಂಧ ಕೊಟ್ಟು, ಕೈ ತೊಳೆದುಕೊಳ್ಳುವುದೆಂದು ಹೊರಟೆ.

ವಿಂಡ್‌ಹುಕ್

ಬಳ್ಳಾರಿಯ ಅಂಗಡಿಯಲ್ಲಿ "ಜಗತ್ತಿನ್ಯಾಗ ಎಲ್ಲಿ ಹಾಕಿದ್ರೂ ಕೂಡ್ತೈತ್ರಿ" ಎಂದು ಕೊಟ್ಟ ಪ್ಲಗ್ಗು ವಿಂಡ್‌ಹುಕ್‌ನಲ್ಲಿ ಕೂಡಲಿಲ್ಲ. ಗೋಡೆ ನೋಡಿದರೆ ನಮ್ಮ ಗೀಸರಿನ ದಪ್ಪ ಮೂರು ಕಡ್ಡಿಯ ಸಾಕೆಟ್ಟು! ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ಪ್ಲಗ್ಗನ್ನೇ ತಂದಿದ್ದರೆ ಸಾಕಿತ್ತು.

ಮೂಲೆಯ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಒಬ್ಬ ಹೆಂಗಸು, ತಲೆಗೆ ಹಳದಿ ವಸ್ತ್ರ.

"ಪ್ಲಗ್ ಬೇಕಿತ್ತು," ಎಂದೆ.

"ಶುಭೋದಯ," ಎಂದಳು.

ಕೇಳಿಸಿಲ್ಲವೇನೋ ಎಂದು ಜೋರಾಗಿ "ಪ್ಲಗ್" ಎಂದೆ. ಆಕೆ ಇನ್ನೂ ಮೆಲ್ಲಗೆ "ಶುಭೋದಯ" ಎಂದಳು. ನನ್ನ ಹಿಂದೆ ನಿಂತಿದ್ದ ಮುದುಕ ಕೆಮ್ಮಿದ. ಮೂರನೆಯ ಸಲಕ್ಕೆ ನನಗೆ ಬುದ್ಧಿ ಬಂತು. ಶುಭೋದಯ ಎಂದೆ. ಹೇಗಿದ್ದೀರಿ ಎಂದಳು, ಚೆನ್ನಾಗಿದ್ದೇನೆ ಎಂದೆ, ನೀವು ಹೇಗಿದ್ದೀರಿ ಎಂದು ನಾನೂ ಕೇಳಿದೆ. ಆಮೇಲೆ ಪ್ಲಗ್ಗು ಬಂತು. ಇಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳದೆ ವ್ಯವಹಾರ ಶುರುವಾಗುವುದಿಲ್ಲ. ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಹಿಂದಿನ ನಾಲ್ಕು ಜನ ಕೌಂಟರು ದಾಟಿ ಅಂಗಡಿಯ ಒಳಗೇ ಬಂದಿರುತ್ತಾರೆ. ಆದರೂ ಆ ಇಡೀ ದಿನ ನನಗೆ ಸಿಕ್ಕ ಏಳೆಂಟು ಅಪರಿಚಿತರಿಗೆ ನಾನು ಹೇಗಿದ್ದೇನೆಂಬುದು ತಿಳಿದಿತ್ತು. ಪರದೇಶದಲ್ಲಿ ಒಂಟಿ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಜೀಪಿನಲ್ಲಿ ಬಂದವಳು ಹಿಲ್ಮಾ. ಸಭೆ ನಡೆಯುವ ತೋಟದ ಮನೆಯ ಅಡುಗೆ, ಗಾಡಿ, ಬೀಗದ ಕೈ ಎಲ್ಲ ಅವಳದೇ. ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ಗಟ್ಟಿ. ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ನೆನಪಿನಲ್ಲಿ ಅವಳ ಮಾತು ನಮ್ಮ ಕಡೆಯ ಮಾತಾಗಿಯೇ ಕೂತುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

ಮಣ್ಣಿನ ದಾರಿ, ಎರಡೂ ಕಡೆ ಬೋಳು ಗುಡ್ಡ, ಗುಡ್ಡದ ಮೇಲೆ ಒಂದರ ಮೇಲೊಂದು ಕೂತ ಬಂಡೆ. ಎಷ್ಟೋ ಹೊತ್ತು ನನಗೆ ಕುರುಗೋಡಿನ ದಾರಿಯಲ್ಲೇ ಇದ್ದಂತೆ ಅನಿಸಿತು. ಒಂದು ತಿರುವಿನಲ್ಲಿ ಕೊಂಬು ನೆಟ್ಟಗಿದ್ದ ದೊಡ್ಡ ಜಿಂಕೆ ರಸ್ತೆ ದಾಟಿದ ಮೇಲೆ ಆ ಭ್ರಮೆ ಹೋಯಿತು.

ಗುಡ್ಡದ ಮೇಲೆ, ಕುಕ್ಕರಿನ ಸೀಟಿ

ದೂರದರ್ಶಕಗಳೆಂದರೆ ಕೊಳವೆಯಲ್ಲ. ತೋಟದ ಮನೆಯೆದುರು, ಗುಡ್ಡದ ಮೇಲಿನ ಬಯಲಿನಲ್ಲಿ ನಿಂತ ಮನೆಯೆತ್ತರದ ಕನ್ನಡಿ ತಟ್ಟೆಗಳು. ಗಾಮಾ ಕಿರಣ ನಮ್ಮ ಗಾಳಿಗೆ ಬಡಿದಾಗ ಹುಟ್ಟುವ, ಕಣ್ಣಿಗೆ ಕಾಣದಷ್ಟು ಚುಟುಕಾದ ನೀಲಿ ಮಿಂಚನ್ನು ಅವು ಹಿಡಿಯುತ್ತವೆ. ಹಗಲಿನಲ್ಲಿ ಅವಕ್ಕೆ ಕೆಲಸವಿಲ್ಲ. ಬಿಸಿಲಿಗೆ ಬೆನ್ನು ಮಾಡಿ ತಲೆ ತಗ್ಗಿಸಿಕೊಂಡು ನಿಂತಿರುತ್ತವೆ.

ಅವುಗಳ ಜೊತೆ ಕೆಲಸ ಮಾಡುವವರಿಗೂ ಹಗಲೇ ಮಲಗುವ ಹೊತ್ತು. ಇದು ನನಗೆ ಗೊತ್ತಿತ್ತು, ಆದರೆ ತಲೆಗೆ ಹೋಗಿರಲಿಲ್ಲ. ಮೊದಲ ಬೆಳಿಗ್ಗೆ ಎಂಟಕ್ಕೆ ಎದ್ದು, ಸ್ನಾನ ಮಾಡಿ, ಬಳ್ಳಾರಿಯಿಂದ ಹೊತ್ತು ತಂದಿದ್ದ ಪುಟ್ಟ ಕುಕ್ಕರಿನಲ್ಲಿ ಸೋನಾ ಮಸೂರಿ ಅಕ್ಕಿ ಇಟ್ಟೆ. ಅಡುಗೆಮನೆಯ ಬಾಗಿಲ ಮೇಲೆ ಮಲಗಿದ ಮನುಷ್ಯನ ಚಿತ್ರವಿತ್ತು. ಪಕ್ಕದಲ್ಲೆಲ್ಲೋ ಮಲಗುವ ಕೋಣೆಗಳಿವೆಯೆಂಬ ಸೂಚನೆ ಇರಬೇಕೆಂದುಕೊಂಡೆ.

ಮೊದಲ ಸೀಟಿಗೆ ಒಂದು ಬಾಗಿಲು ತೆರೆಯಿತು. ಎರಡನೆಯದಕ್ಕೆ ನಾಲ್ಕು. ಮೂರನೆಯದಕ್ಕೆ ಗಡ್ಡದವನೊಬ್ಬ ಬರಿಗಾಲಲ್ಲಿ ಅಂಗಳಕ್ಕೆ ಓಡಿ ಕನ್ನಡಿಗಳ ಕಡೆ ನೋಡುತ್ತ ನಿಂತ. ಯಂತ್ರದ ಅಪಾಯದ ಗಂಟೆ ಎಂದುಕೊಂಡನಂತೆ. ಕೊನೆಗೆ ಕಂಬಳಿ ಹೊದ್ದು ಬಂದವರು ಮಾರ್ಟಾ. ತಂಡದ ಹಿರಿಯರು, ನನ್ನನ್ನು ಸಭೆಗೆ ಕರೆಸಿದವರು. ಕುಕ್ಕರನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಇನ್ನೆಷ್ಟು ಸಲ ಕೂಗುತ್ತದೆ?"

"ಮುಗಿಯಿತು ಮೇಡಂ," ಎಂದೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆ.

ಮಧ್ಯಾಹ್ನ ಎರಡಕ್ಕೆ ಅವರ ಬೆಳಗಾದಾಗ ಎಲ್ಲರಿಗೂ ಅದೇ ಅನ್ನಕ್ಕೆ ಅತ್ತೆಯ ಚಟ್ನಿಪುಡಿ, ಎಣ್ಣೆ ಹಾಕಿ ಕಲಸಿ ಕೊಟ್ಟೆ. ಗಡ್ಡದವನು ಎರಡು ಸಲ ಹಾಕಿಸಿಕೊಂಡು ಕಣ್ಣೀರು ಒರೆಸಿಕೊಂಡ. ಹಿಲ್ಮಾ ಒಂದು ಚಿಟಿಕೆ ನಾಲಗೆಗಿಟ್ಟು, "ಇದಕ್ಕ ಸಜ್ಜಿ ಬೇಕು, ಅನ್ನ ಅಲ್ಲ" ಎಂದಳು. ಅವಳ ಊರಿನ ಮುಖ್ಯ ಆಹಾರ ಸಜ್ಜೆಯ ಗಟ್ಟಿ ಮುದ್ದೆ! ನಮ್ಮ ಮನೆಯಲ್ಲೂ ಚಳಿಗಾಲಕ್ಕೆ ಸಜ್ಜೆ ರೊಟ್ಟಿಯೇ ಎಂದೆ. ಅವಳು ನಂಬಲಿಲ್ಲ. ಇಂಡಿಯಾದವರು ಅನ್ನ ಬಿಟ್ಟರೆ ಬೇರೇನೂ ತಿನ್ನುವುದಿಲ್ಲವೆಂದು ಅವಳ ಲೆಕ್ಕ.

"ನಾಳಿ ನಮ್ಮ ಚಿಕ್ಕಮ್ಮನ ಕಡಿಗಿ ಹೋಗ್ತೀನಿ, ಹಿಟ್ಟು ತರಾಕ. ಬರ್ತೀಯೇನು? ರೊಟ್ಟಿ ಮಾಡಿ ತೋರ್ಸು, ಆಮ್ಯಾಲ ನಂಬ್ತೀನಿ."

ನನ್ನ ಭಾಷಣ ಇದ್ದದ್ದು ನಾಡಿದ್ದು. ಹೋಗಿಬರೋಣವೆಂದೆ.

ಮರಳ ಹೊಳೆ

ಅರ್ಧ ದಾರಿಯಲ್ಲಿ ಒಂದು ಹೊಳೆ. ಹೊಳೆ ಎಂದು ಹಿಲ್ಮಾ ಹೇಳಿದ್ದರಿಂದ ಬರೆಯುತ್ತಿದ್ದೇನೆ. ದಡದಿಂದ ದಡಕ್ಕೆ ಮರಳು ಬಿಟ್ಟರೆ ಏನೂ ಇರಲಿಲ್ಲ. ಸೇತುವೆಯೂ ಇಲ್ಲ, ಜೀಪು ಮರಳಿನ ಮೇಲೇ ಇಳಿಯಿತು. ನಡುವೆ ನಿಲ್ಲಿಸಿ, ಚಿಕ್ಕಮ್ಮನ ಆಡುಗಳಿಗೆ ನೀರು ಒಯ್ಯಬೇಕು ಎಂದು ಎರಡು ಕ್ಯಾನು ಇಳಿಸಿದಳು.

"ನೀರು ಎಲ್ಲೈತಿ? ಹೊಳಿ ಬತ್ತೈತಲ್ಲ?" ಎಂದೆ.

"ಯಾರು ಹೇಳಿದ್ರು ಬತ್ತೈತಂತ?" ಅವಳಿಗೆ ನಿಜಕ್ಕೂ ಸಿಟ್ಟು ಬಂತು. "ಆ ಗಿಡ ನೋಡು. ಸುತ್ತ ಮುತ್ತ ಒಂದು ಹಸರೆಲಿ ಐತೇನು? ಇವು ಮಾತ್ರ ಹೆಂಗ ನಿಂತಾವು?"

ದಡದುದ್ದಕ್ಕೂ ಜಾಲಿ ಜಾತಿಯ ದೊಡ್ಡ ಮರಗಳು, ಆ ಒಣಗಾಲದಲ್ಲೂ ತುಂಬು ಹಸಿರು. ಅವುಗಳ ಬುಡದ ಹತ್ತಿರ ಮುಳ್ಳುಕಂಟಿ ಮುಚ್ಚಿದ ಒಂದು ಗುಂಡಿಯಿತ್ತು. ಹಿಲ್ಮಾ ಕಂಟಿ ಸರಿಸಿ, ಮಂಡಿಯೂರಿ, ತಗಡಿನ ತಟ್ಟೆಯಿಂದ ಮರಳು ತೆಗೆದಳು. ಮೊಣಕೈ ಮುಳುಗುವಷ್ಟಕ್ಕೆ ಮರಳು ಕಪ್ಪಾಯಿತು. ಇನ್ನೊಂದು ಗೇಣಿಗೆ ನೀರು ತಾನಾಗಿ ಒಸರಿ ನಿಂತಿತು.

ನಾನು ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ. ಇದು ಒರತೆ. ಹಗರಿ ಹೊಳೆಯ ದಂಡೆಯ ಹಳ್ಳಿಯಲ್ಲಿ ನನ್ನ ಅಜ್ಜಿ, ಅವ್ವನ ತಾಯಿ, ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದು ಹೀಗೆಯೇ ಮರಳು ತೋಡಿ, ಚಿಪ್ಪಿನಿಂದ ನೀರು ತುಂಬಿ, ನಾಯಿ ಬಾಯಿ ಹಾಕದಂತೆ ಹೀಗೆಯೇ ಜಾಲಿಕಂಟಿ ಮುಚ್ಚುತ್ತಿದ್ದಳು. ನಾನು ಸಿರುಗುಪ್ಪದ ಕಾಲುವೆ ಪಕ್ಕ ಬೆಳೆದವಳು. ಕಾಲುವೆಯವರಿಗೆ ಒಂದು ಸೊಕ್ಕಿದೆ: ನೀರೆಂದರೆ ಕಣ್ಣಿಗೆ ಕಾಣಬೇಕು, ಗದ್ದೆಯಲ್ಲಿ ನಿಂತಿರಬೇಕು. ರಜೆಗೆ ಹೋದಾಗ ಅಜ್ಜಿಯ ಒರತೆ ನೋಡಿ "ನಿಮ್ಮ ಹೊಳ್ಯಾಗ ನೀರಽ ಇಲ್ಲ" ಎಂದು ಅಣಕಿಸಿದವಳು ನಾನು. ಅವಳು ನಗುತ್ತ ನನಗೆ ಅದೇ ನೀರು ಕುಡಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ.

ಅಜ್ಜಿಯ ನೆನಪಿನ ಹಿಂದೆಯೇ ಮೋಡದ ನೆನಪು ಬಂತು.

ಮೋಡದ ತೂಕ ನಾನು ಹೇಗೆ ಹಾಕಿದ್ದೆ? ಮೋಡದಲ್ಲಿ ಇರುವುದು ಬಹುಪಾಲು ಜಲಜನಕ. ತಣ್ಣಗಿನ ಜಲಜನಕ ಕಾಣಿಸಿಕೊಳ್ಳುವುದಿಲ್ಲ. ಹಾಗಾಗಿ ಅದರ ಜೊತೆ ಸ್ವಲ್ಪವೇ ಬೆರೆತಿರುವ ಕಾರ್ಬನ್ ಮೊನಾಕ್ಸೈಡಿನ ರೇಡಿಯೋ ಬೆಳಕನ್ನು ಅಳೆದು, ಇಷ್ಟಿದ್ದರೆ ಜಲಜನಕ ಅಷ್ಟಿರುತ್ತದೆ ಎಂದು ಬೇರೆ ಮೋಡಗಳಿಂದ ಬಂದ ಸಿದ್ಧ ಸಂಖ್ಯೆಯಿಂದ ಗುಣಿಸಿದ್ದೆ. ಆದರೆ ಮೋಡದ ಅಂಚಿಗೆ ನಕ್ಷತ್ರಗಳ ಬೆಳಕು ಬೀಳುತ್ತದೆ. ಆ ಬೆಳಕು ಕಾರ್ಬನ್ ಮೊನಾಕ್ಸೈಡನ್ನು ಒಡೆದುಹಾಕುತ್ತದೆ, ಜಲಜನಕ ಹಾಗೇ ಉಳಿಯುತ್ತದೆ. ಅಂಚಿನಲ್ಲಿ ಅನಿಲವಿದ್ದೂ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಕಾಣುವ ನೀರನ್ನಷ್ಟೇ ನೀರೆಂದುಕೊಂಡಿದ್ದೆ. ಅಂಚು ಹೊಳೆದದ್ದು ಅಲ್ಲಿ ವಿಶ್ವಕಿರಣ ಹೆಚ್ಚಿದ್ದರಿಂದಲೋ, ನಾನು ಬಿಟ್ಟ ಅನಿಲದಿಂದಲೋ?

ಪುಸ್ತಕದಲ್ಲಿ ಇದು ಇಲ್ಲವೆಂದಲ್ಲ. ಇದೆ. ಓದಿದ್ದೇನೆ, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೇನೆ. ನನ್ನ ಮೋಡಕ್ಕೆ ಮಾತ್ರ ಆ ಪ್ರಶ್ನೆ ಕೇಳಿರಲಿಲ್ಲ. ಫಲಿತಾಂಶ ಚೆನ್ನಾಗಿ ಬಂದಿತ್ತು, ಕೇಳುವ ಮನಸ್ಸಾಗಿರಲಿಲ್ಲ.

"ಏನಾತು? ಬಿಸಲು ಬಡೀತೇನು?" ಹಿಲ್ಮಾ ತಟ್ಟೆಯಲ್ಲಿ ನೀರು ಹಿಡಿದಳು. ಕುಡಿದೆ. ಸ್ವಲ್ಪ ಮಣ್ಣಿನ ರುಚಿ, ತಣ್ಣಗಿತ್ತು.

ಭಾಷಣದ ಹಿಂದಿನ ಮಧ್ಯಾಹ್ನ

ಸಜ್ಜೆ ಹಿಟ್ಟು ಬಂತು, ರೊಟ್ಟಿ ಬಡಿಯಲಿಲ್ಲ. ನೇರ ಮಾರ್ಟಾ ಕೂತಿದ್ದ ಕೋಣೆಗೆ ಹೋಗಿ, ಈ ಮೋಡದ ಧೂಳಿನ ನಕ್ಷೆ ಇದೆಯೇ ಎಂದು ಕೇಳಿದೆ. ಅನಿಲ ಇದ್ದಲ್ಲೆಲ್ಲ ಅದರ ಜೊತೆ ಸಣ್ಣ ಧೂಳು ಇರುತ್ತದೆ, ನಕ್ಷತ್ರದ ಬೆಳಕು ಬಿದ್ದರೂ ಅದು ಹೋಗುವುದಿಲ್ಲ.

ಮಾರ್ಟಾ ನನ್ನ ಮುಖ ನೋಡಿದರು. "ಇದೆ. ಎಲ್ಲರಿಗೂ ತೆರೆದಿರುವ ನಕ್ಷೆ. ನೀವು ಹಾಕಿ ನೋಡಿದ್ದೀರಿ ಎಂದುಕೊಂಡಿದ್ದೆ."

"ಇಲ್ಲ."

ಅವರು ಕುರ್ಚಿ ಎಳೆದುಕೊಟ್ಟು, "ಭಾಷಣ ನಿಮ್ಮದು, ನಿಮ್ಮಿಷ್ಟ" ಎಂದು ಎದ್ದುಹೋದರು.

ಧೂಳಿನಿಂದ ತೂಕ ಹಾಕಿ, ಹೊಳಪನ್ನು ಅದರಿಂದ ಭಾಗಿಸಿದೆ. ಅಂಚಿನಲ್ಲಿ ಬಂದ ಉತ್ತರವೇ ನಡುವಿನಲ್ಲೂ ಬಂತು. ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಅದೇ. ಬಾಗಿಲೂ ಇಲ್ಲ, ತಡೆಯೂ ಇಲ್ಲ. ವಿಶ್ವಕಿರಣ ಮೋಡದ ತುಂಬ ಸಮನಾಗಿ ಹರಡಿಕೊಂಡಿತ್ತು.

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಏಳು ವರ್ಷದ ಸಂಜೆಗಳು, ಹೋಗದೆ ಬಿಟ್ಟ ಮದುವೆಗಳು, "ನಾಳೆ ನೋಡ್ತೀನಿ" ಎಂದು ಮಗಳಿಗೆ ಹೇಳಿ ನೋಡದೆ ಬಿಟ್ಟ, ಅವಳು ಬರೆದ ಚಿತ್ರಗಳು, ಎಲ್ಲ ಒಟ್ಟಿಗೆ ಬಂದವು. ಹಿಲ್ಮಾ ಹಿಟ್ಟನ್ನು ನನ್ನ ಮುಂದೆ ಇಟ್ಟು, "ನಾದು" ಎಂದಳು. ನಾದಿದೆ. ಬಡಿದ ಮೊದಲ ರೊಟ್ಟಿ ಹರಿಯಿತು. ಎರಡನೆಯದು ನೆಟ್ಟಗಾಯಿತು, ಅವಳು ನಂಬಿದಳು.

ಸಂಜೆ ಗಂಡನಿಗೆ ಫೋನು ಮಾಡಿದೆ. ಬಸವರಾಜ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕ ನಡೆಸುತ್ತಾರೆ. ಎಲ್ಲ ಹೇಳಿದೆ.

"ಅಲ್ಲಿ ಯಾರಿಗರ ಗೊತ್ತಾಗೇತೇನು?"

"ಮಾರ್ಟಾ ಮೇಡಂಗ ಅನುಮಾನ ಬಂದೈತ್ರಿ. ಆದ್ರ ಉತ್ತರ ನೋಡಿಲ್ಲ. ಭಾಷಣ ನಿನ್ನದು, ನಿನ್ನಿಷ್ಟ ಅಂದಾರ."

"ಹೇಳಿದ್ರ ಪ್ರಬಂಧದ ಗತಿ?"

"ಮತ್ತ ಒಂದು ವರ್ಷ ಬೇಕ್ರಿ. ಅವ್ರು ಕೊಡದಿದ್ರ ಹೋತು."

ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು. ಅದರ ನಡುವೆ ಅವರೆಂದರು: "ತಪ್ಪು ಅಂತ ನಿನಗ ಗೊತ್ತಾತು. ಇನ್ನ ನನ್ನ ಯಾಕ ಕೇಳ್ತಿ, ಶಾರದಾ?"

ಅಷ್ಟು ಕೇಳುವುದಕ್ಕೇ ಫೋನು ಮಾಡಿದ್ದೆನೋ ಏನೋ. ಆ ದಿನ ನಿದ್ದೆ ಬಂತು.

ಭಾಷಣ

ಮಧ್ಯಾಹ್ನ ಮೂರಕ್ಕೆ, ಅವರೆಲ್ಲ ಬೆಳಗಿನ ಕಾಫಿ ಹಿಡಿದು ಕೂತಿದ್ದಾಗ, ನಿಂತೆ. ಮೊದಲು ಶುಭೋದಯ ಎಂದೆ, ನಕ್ಕರು. ಆಮೇಲೆ ಹಳೆಯ ಚಿತ್ರ ತೋರಿಸಿದೆ: ಹೊಳೆಯುವ ಅಂಚು, ಮಂಕಾದ ನಡು.

"ಇದನ್ನು ತೋರಿಸಿ, ಮೋಡ ವಿಶ್ವಕಿರಣಗಳನ್ನು ಒಳಗೆ ಬಿಡುವುದಿಲ್ಲ ಎಂದು ಹೇಳಲು ಬಂದಿದ್ದೆ. ಅದು ತಪ್ಪು. ನಾನು ಮೋಡದ ತೂಕವನ್ನು ಕಡಿಮೆ ಹಾಕಿದ್ದೆ."

ಎರಡನೆಯ ಚಿತ್ರ ಬಂತು. ಅಂಚೂ ನಡುವೂ ಒಂದೇ ಬಣ್ಣ. ನೋಡಲು ಏನೂ ಇಲ್ಲದ ಚಿತ್ರ.

ಗಡ್ಡದವನು ಕೇಳಿದ: "ಹಾಗಾದರೆ ವಿಶೇಷ ಏನೂ ಇಲ್ಲ?"

"ವಿಶ್ವಕಿರಣದಲ್ಲಿ ಇಲ್ಲ. ಮೋಡದ ಒಳಗೂ ಹೊರಗೂ ಒಂದೇ."

ಮಾರ್ಟಾ ಕಾಫಿ ಕೆಳಗಿಟ್ಟರು. "ನೀವು ಬಿಟ್ಟಿದ್ದ ಅನಿಲ ಎಷ್ಟಿತ್ತು? ಅದನ್ನು ಗಾಮಾ ಕಿರಣದಿಂದಲೇ ಅಳೆಯಬಹುದಲ್ಲವೇ?"

ಅಳೆಯಬಹುದು. ವಿಶ್ವಕಿರಣ ಎಲ್ಲೆಡೆ ಸಮ ಎಂದಾದರೆ, ಹೊಳಪೇ ತಕ್ಕಡಿ. ಹಾಗೆ ನೋಡಿದರೆ ನಾನು ಏಳು ವರ್ಷ ಮಾಡಿದ್ದು ಕಾಣದ ಅನಿಲದ ನಕ್ಷೆ, ಹೆಸರು ಮಾತ್ರ ಬೇರೆ ಇಟ್ಟಿದ್ದೆ. ಅದನ್ನು ಸರಿಯಾಗಿ ಮಾಡಲು ಇನ್ನೊಂದು ವರ್ಷವಾದರೂ ಬೇಕು ಎಂದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಕತ್ತಲಾಗಿ ಕನ್ನಡಿಗಳು ತಲೆ ಎತ್ತುವವರೆಗೆ ಪ್ರಶ್ನೆ ಕೇಳುತ್ತಲೇ ಇದ್ದರು.

ವಿಮಾನ ನಿಲ್ದಾಣ

ವಿಮಾನಕ್ಕೆ ಇನ್ನೂ ಎರಡು ಗಂಟೆಯಿತ್ತು. ಅವಧಿ ವಿಸ್ತರಣೆಯ ಅರ್ಜಿಗೆ ಅದೇ ಕೊನೆಯ ದಿನ. ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಗುಮಾಸ್ತರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಎರಡು ಸಲವೂ ನನ್ನ ಕಾಗದ ಓಡಾಡಿಸಿದವರು.

"ಕಾರಣದಾಗ ಆರಾಮಿರಲಿಲ್ಲ ಅಂತ ಬರೀರಿ ಮೇಡಂ. ಎಲ್ಲಾರೂ ಅದನ್ನ ಬರೀತಾರ. ಡಾಕ್ಟರ್ ಚೀಟಿ ಒಂದು ಹಚ್ಚಿದ್ರ ಲಗೂನ ಸಹಿ ಆಗ್ತೈತಿ."

"ನಾ ಆರಾಮ ಅದೀನ್ರಿ. ನನ್ನ ಲೆಕ್ಕ ತಪ್ಪಾಗಿತ್ತು, ಅದಕ್ಕ ಕೇಳಾಕ ಹತ್ತೀನಿ."

ಅವರು ದನಿ ತಗ್ಗಿಸಿದರು: "ಅಂಥ ಕಾರಣ ಇಲ್ಲೀತನ ಯಾರೂ ಬರ್ದಿಲ್ರಿ. ಮ್ಯಾಲಿನೋರು ಏನಂತಾರೋ. ಇಲ್ಲ ಅಂದ್ರ ಏಳು ವರ್ಷ ನೀರಾಗ ಹೋಮ ಮಾಡಿದಂಗ ಆಗ್ತೈತಿ, ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಹೆದರಿಕೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಎದುರಿನ ಬೆಂಚಿನಲ್ಲಿ ಒಬ್ಬ ಅಜ್ಜಿ ನನ್ನನ್ನು ನೋಡಿ, ಹೇಗಿದ್ದೀಯೆಂದು ಕೇಳಿದರು. ಚೆನ್ನಾಗಿದ್ದೇನೆ ಎಂದೆ. ಆಮೇಲೆ ಫೋನಿನಲ್ಲೇ ಅರ್ಜಿ ತುಂಬಿದೆ. ಕಾರಣದ ಜಾಗ ಒಂದೇ ಗೆರೆಯಷ್ಟಿತ್ತು. ಅಲ್ಲಿ ಬರೆದೆ: "ಸಲ್ಲಿಸಬೇಕಿದ್ದ ಫಲಿತಾಂಶ ತಪ್ಪೆಂದು ನಾನೇ ಕಂಡುಕೊಂಡಿದ್ದೇನೆ."

ಕಳಿಸುವ ಮೊದಲು ಇನ್ನೊಮ್ಮೆ ಓದಿದೆ. ಆ ಮೋಡದ ಬಗ್ಗೆ ಏಳು ವರ್ಷದಲ್ಲಿ ನಾನು ಬರೆದ ವಾಕ್ಯಗಳಲ್ಲಿ, ತಿದ್ದಲು ಏನೂ ಇಲ್ಲದ ಮೊದಲ ವಾಕ್ಯ ಅದು.